ಬಟ್ಟೆಯ ಬ್ರೇಕು

ಡ್ರೈವಿಂಗ್ ಮೇಷ್ಟ್ರ ಕಥೆ ಹೇಳುವುದಾದರೆ ಅವರ ಬಲಗಾಲಿನಿಂದಲೇ ಶುರು ಮಾಡಬೇಕು. ಕಾರು ಕಲಿಸುವವರ ಗಾಡಿಯಲ್ಲಿ ಮೇಷ್ಟ್ರು ಕೂರುವ ಕಡೆಯೂ ಒಂದು ಬ್ರೇಕ್ ಇರುತ್ತದೆ, ನೋಡಿರಬಹುದು. ಕಲಿಯುವವರು ಕಂಗಾಲಾಗಿ ಕೈಕಾಲು ಬಿಟ್ಟರೆ ಗಾಡಿ ನಿಲ್ಲಲಿ ಎಂದು ಇಟ್ಟದ್ದು ಅದು. ಹರೆಯದಲ್ಲಿ ಆ ಬ್ರೇಕಿನ ಮೇಲೆ ಇಟ್ಟ ಕಾಲನ್ನು ಮೇಷ್ಟ್ರು ತಲೆ ನರೆಯುವವರೆಗೂ ತೆಗೆಯಲಿಲ್ಲ. ಬರಬರುತ್ತ ಒತ್ತುವುದು ಕಾಲಿನ ಚಾಳಿಯೇ ಆಗಿಹೋಯಿತು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಕಾಲು ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ಯಾರದೋ ಕಾರು ತಿರುವಿನಲ್ಲಿ ಜೋರಾಗಿ ಬಂದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ ಬೀಳುತ್ತಿತ್ತು. ನಿದ್ದೆಯಲ್ಲೂ ಅದಕ್ಕೆ ಬಿಡುವಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಮಂಚದ ಕಾಲ್ದೆಸೆಗೆ ಒಂದು ದಿಂಬು ಆನಿಸಿಟ್ಟು ನೋಡಿದರು. ದಿಂಬು ಹರಿದು ಹತ್ತಿಯೆಲ್ಲ ಹೊರಗೆ ಬಂದ ಮೇಲೆ ತಮ್ಮ ಹಾಸಿಗೆಯನ್ನೇ ಪಕ್ಕದ ಕೋಣೆಗೆ ಸಾಗಿಸಿದರು. ಕೇಳಿದವರಿಗೆ, ನಮ್ಮಲ್ಲಿ ಜಗಳವೇನೂ ಇಲ್ಲ, ಒದೆಸಿಕೊಳ್ಳುವ ಶಕ್ತಿ ನನಗಿಲ್ಲ ಅಷ್ಟೇ ಎನ್ನುತ್ತಿದ್ದರು.

ಇಂಥ ಮನುಷ್ಯ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದುಂಟೆ? ಜಪ್ಪಯ್ಯ ಅಂದರೂ ಇಲ್ಲ. ಕೂತರೆ ಕಾಲು ಒತ್ತುತ್ತದೆ, ಒತ್ತಿದರೆ ಅಲ್ಲಿ ಏನೂ ಸಿಗುವುದಿಲ್ಲ, ಸಿಗದಿದ್ದರೆ ಎದೆ ಧಸಕ್ಕೆನ್ನುತ್ತದೆ. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಈ ಮಹರಾಯರು ಆ ಅರ್ಧ ಊರಿನಲ್ಲಿ ಒಬ್ಬರನ್ನೂ ನಂಬುತ್ತಿರಲಿಲ್ಲ. ಕಲಿಸಿದ್ದು ನಾನೇ ಅಲ್ಲವೆ, ಅದಕ್ಕೇ ನಂಬುವುದಿಲ್ಲ ಎಂದು ಕಾರಣ ಕೊಡುತ್ತಿದ್ದರು. ಮಗಳ ಮದುವೆಗೆ ಬೀಗರು ಕಳಿಸಿದ ದೊಡ್ಡ ಕಾರನ್ನು ಹಾಗೇ ವಾಪಸ್ ಕಳಿಸಿ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ತಮ್ಮ ಹಳೇ ಕಾರಿನಲ್ಲೇ ಮದುಮಗಳನ್ನು ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ಹಿಂದಿನ ಗಾಡಿಗಳು ಹೆದರಿ ದೂರ ಉಳಿದವು. ಮಗಳು ಆ ಸಿಟ್ಟನ್ನು ಇವತ್ತಿಗೂ ಮರೆತಿಲ್ಲ.

ಹೀಗಿರುವಾಗ ಕಣ್ಣಿನ ಡಾಕ್ಟರು ಅವರ ಬದುಕಿಗೇ ಬ್ರೇಕ್ ಹಾಕಿದರು. ನೇರ ನೋಡಿದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಇನ್ನು ಮೇಲೆ ಗಾಡಿ ಮುಟ್ಟಬೇಡಿ ಎಂದರು. ಅಕ್ಕಪಕ್ಕ ನೋಡೋಕೆ ನನಗೆ ಹೆಂಡತಿ ಇದ್ದಾಳೆ ಎಂದು ಮೇಷ್ಟ್ರು ವಾದ ಹೂಡಿದರು. ಡಾಕ್ಟರು ಸೊಪ್ಪು ಹಾಕಲಿಲ್ಲ. ಸ್ಕೂಲನ್ನೂ ಕಾರನ್ನೂ ಅಣ್ಣನ ಮಗನ ಕೈಗೆ ಕೊಟ್ಟು ಮೇಷ್ಟ್ರು ಮನೆ ಹಿಡಿದರು.

ಮನೆ ಹಿಡಿದ ಆ ದಿನಗಳಲ್ಲೇ ಗುಡ್ಡದ ಮೇಲಿನ ಊರಿನಲ್ಲಿದ್ದ ಮಗಳಿಗೆ ಮದುವೆಯಾದ ಎಷ್ಟೋ ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಹೆಂಡತಿ ಬಸ್ಸು ಹತ್ತಿ ಹೋಗಿ, ಬಾಣಂತಿಯನ್ನು ನೋಡಿಕೊಂಡು, ತಿಂಗಳು ಬಿಟ್ಟು ಬಂದರು. ಬಂದವರು ಸುಮ್ಮನಿರಬೇಕಲ್ಲ, ಮೂಗು ನಿಮ್ಮದೇ ಎಂದು ಬೆಳಿಗ್ಗೆ ಒಂದು ಸಲ, ಸಿಟ್ಟೂ ನಿಮ್ಮದೇ ಎಂದು ಸಂಜೆ ಒಂದು ಸಲ ಹೇಳತೊಡಗಿದರು. ಮೇಷ್ಟ್ರ ಜೀವ ಮೊಮ್ಮಗಳಿಗಾಗಿ ಹಪಹಪಿಸತೊಡಗಿತು. ಆ ಗುಡ್ಡಕ್ಕೆ ರೈಲಿಲ್ಲ, ಇರುವುದು ಒಂದೇ ರಸ್ತೆ. ಕಡೆಗೆ ಗಟ್ಟಿ ಮನಸ್ಸು ಮಾಡಿ ಒಂದು ದಿನ ಬಸ್ಸಿಗೆ ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಊರು ದಾಟುವುದರೊಳಗೆ ಡ್ರೈವರನ ಸೀಟಿಗೆ ಎಷ್ಟು ಒದೆ ಬಿತ್ತೆಂದರೆ, ಅವನು ಬಸ್ಸನ್ನು ಬದಿಗೆ ನಿಲ್ಲಿಸಿ, ಯಜಮಾನರೇ, ನೀವಾದರೂ ಇಳಿಯಿರಿ, ಇಲ್ಲ ನಾನಾದರೂ ಇಳಿಯುತ್ತೇನೆ ಎಂದ. ಮೇಷ್ಟ್ರು ಇಳಿದು, ನಡೆದುಕೊಂಡು ಮನೆಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿದರು. ಆ ರಾತ್ರಿ ಊಟ ಬೇಡವೆಂದರು.

ಆಗ ಹೆಂಡತಿಗೆ ನೆನಪಾದದ್ದು ಮೇಷ್ಟ್ರ ಹಳೇ ಶಿಷ್ಯೆ ಟೈಲರಮ್ಮ. ಅವರ ವ್ಯಾನಿನಲ್ಲಿ ಹೋಗೋಣ, ಹೇಳಿಕಳಿಸುತ್ತೇನೆ ಎಂದರು. ಮೇಷ್ಟ್ರು ಹಾಸಿಗೆಯಿಂದ ಎದ್ದೇ ಕೂತರು.

"ಟೈಲರಮ್ಮನಾ? ನಾನು ಮೊಮ್ಮಗಳನ್ನ ನೋಡಬೇಕು ಕಣೇ. ಮೊಮ್ಮಗಳು ನನ್ನ ಹಾರ ಹಾಕಿದ ಫೋಟೋ ನೋಡೋ ಹಾಗೆ ಆಗಬಾರದು."

ಮೇಷ್ಟ್ರು ಹೀಗೆ ಹೆದರಿದ್ದಕ್ಕೆ ಕಾರಣ ಇಲ್ಲದಿಲ್ಲ.

ಟೈಲರಮ್ಮ ಡ್ರೈವಿಂಗ್ ಕಲಿಯಲು ಬಂದಾಗ ಅವರಿಗಾಗಲೇ ಐವತ್ತರ ಹತ್ತಿರ. ಅವರ ಹೊಲಿಗೆ ಅಂಗಡಿ ಇದ್ದ ಕಟ್ಟಡವನ್ನು ಮಾಲೀಕರು ಕೆಡವುತ್ತೇವೆಂದು ಹೇಳಿದ್ದರು. ಬೇರೆಯವರಾಗಿದ್ದರೆ ಬೇರೆ ಅಂಗಡಿ ಹುಡುಕುತ್ತಿದ್ದರು. ಈಯಮ್ಮ ಒಂದು ಹಳೇ ವ್ಯಾನು ಕೊಂಡು, ಅದರೊಳಗೆ ತಮ್ಮ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನನ್ನು ಬೋಲ್ಟು ಹಾಕಿ ಕೂರಿಸಿ, ಮನೆಮನೆಗೆ ಹೋಗಿ ಹೊಲಿಯುತ್ತೇನೆ ಎಂದು ಹೊರಟರು. ಓಡಿಸಲು ಬರುವುದಿಲ್ಲ ಎಂಬುದೊಂದೇ ಕೊರತೆ. ಮನೆ ಮುಂದೆ ನಿಂತ ವ್ಯಾನಿಗೆ ಧೂಳು ಕೂರದ ಹಾಗೆ ಒಂದು ಗವುಸು ಹೊಲಿದಿದ್ದರು. ಅದಕ್ಕೆ ಕಾಲರಿತ್ತು, ಗುಂಡಿಗಳಿದ್ದವು, ಎರಡು ಜೇಬೂ ಇದ್ದವು. ವ್ಯಾನಿಗೆ ಜೇಬು ಯಾಕೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಕೋಟು ಅಂದ ಮೇಲೆ ಜೇಬು ಇರಬೇಡವೆ ಎಂದು ಉತ್ತರ ಬಂತು.

ಮೊದಲ ದಿನವೇ ಗೊತ್ತಾಯಿತು, ಇದು ಸುಲಭಕ್ಕೆ ಬಗ್ಗುವ ಪೈಕಿ ಅಲ್ಲ ಎಂದು. ಮೂವತ್ತು ವರ್ಷ ಮಷೀನು ತುಳಿದ ಕಾಲುಗಳು ಅವು. ಆಕ್ಸಿಲರೇಟರನ್ನೂ ಹಾಗೇ, ಹಿಮ್ಮಡಿ ಮುಂಗಾಲು ಹಿಮ್ಮಡಿ ಮುಂಗಾಲು ಎಂದು ತುಳಿದರು. ಕಾರು ತೊಟ್ಟಿಲಿನ ಹಾಗೆ ತೂಗುತ್ತ ಹೊರಟಿತು. ಅದನ್ನೂ ಸಹಿಸಬಹುದಿತ್ತು. ನಿಲ್ಲಿಸಿ ಎಂದಾಗ ಅವರು ಎರಡೂ ಕಾಲು ಎತ್ತಿ, ಬಲ ಅಂಗೈಯಿಂದ ಸ್ಟಿಯರಿಂಗನ್ನು ಅದುಮಿ ಹಿಡಿದು, ನಿಲ್ಲಲಿ ಎಂದು ಕಾಯುತ್ತ ಕೂತರು. ಹೊಲಿಗೆ ಮಷೀನು ನಿಲ್ಲುವುದು ಹಾಗೇ ತಾನೆ, ಪಕ್ಕದ ಚಕ್ರದ ಮೇಲೆ ಅಂಗೈ ಇಟ್ಟರೆ ಆಯಿತು. ಮೇಷ್ಟ್ರ ಕಾಲು ಆ ದಿನ ಮಾಡಿದ ಕೆಲಸಕ್ಕೆ ರಾತ್ರಿ ಬಿಸಿನೀರು ಬೇಕಾಯಿತು.

ಇದರ ಮೇಲೆ ಬಾಯಿ. ಎದುರಿಗೆ ಲಾರಿ ಬರುತ್ತಿದ್ದರೂ ಟೈಲರಮ್ಮನ ಕಣ್ಣು ಫುಟ್‌ಪಾತಿನ ಮೇಲೆ. ಅಗೋ ನಾನು ಹೊಲಿದ ಅಂಗಿ, ಆ ಮನುಷ್ಯ ಹೊಟ್ಟೆ ಬೆಳೆಸಿ ನನ್ನ ಹೊಲಿಗೆಯ ಮಾನ ಕಳೆಯುತ್ತಿದ್ದಾನೆ ನೋಡಿ ಎನ್ನುವರು. ಊರಿನ ಅರ್ಧ ಜನರ ಮುಖ ಅವರಿಗೆ ಗೊತ್ತಿರಲಿಲ್ಲ, ಬೆನ್ನು ಗೊತ್ತಿತ್ತು. ಮೇಷ್ಟ್ರು ಗೇರ್ ಬದಲಿಸುವುದನ್ನು ತೋರಿಸಲು ಕೈ ಚಾಚಿದರೆ, ಬಲತೋಳು ಒಂದು ಬೆರಳು ಉದ್ದವಾಗಿದೆಯಲ್ಲ, ಯಾರು ಹೊಲಿದದ್ದು ಎಂದು ಅದನ್ನೇ ಹಿಡಿದುಕೊಂಡರು. ಮೇಷ್ಟ್ರಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಾಳೆಯಿಂದ ಬರಬೇಡಿ ಎಂದು ದಿನವೂ ಹೇಳಿದರು. ಹೇಳಿ, ಮರುದಿನ ಬೆಳಿಗ್ಗೆ ಅವರ ಮನೆ ಮುಂದೆ ಹೋಗಿ ತಾವೇ ಹಾರನ್ ಹೊಡೆದರು. ಹೆಂಡತಿ ಕೇಳಿದರೆ, ಕಟ್ಟಡ ಕೆಡವುತ್ತಾರಂತೆ ಕಣೇ, ಆಯಮ್ಮನ ಹೊಟ್ಟೆಪಾಡು ಎನ್ನುವರು.

ಮೆಲ್ಲಮೆಲ್ಲಗೆ ಮೇಷ್ಟ್ರಿಗೆ ಒಂದು ದಾರಿ ಹೊಳೆಯಿತು. ಎಡಕ್ಕೆ ಹೋಗಿ ಬಲಕ್ಕೆ ಹೋಗಿ ಎನ್ನುವುದನ್ನು ಬಿಟ್ಟು, ಅಂಚಿನಿಂದ ಮೂರು ಬೆರಳು ಬಿಟ್ಟು ಹೊಲಿಗೆ ಹಾಕಿ ಎಂದರು. ಅಬ್ಬಬ್ಬಾ, ಗಾಡಿ ಗೆರೆ ಕೊರೆದ ಹಾಗೆ ನೇರ ಹೋಯಿತು. ತಿರುವು ಬಂದರೆ ಕಂಕುಳಿನ ಸುತ್ತು ಎಂದರು, ಅದೂ ಚೆನ್ನಾಗಿ ಬಂತು. ಬ್ರೇಕನ್ನು ಕತ್ತರಿ ಎಂದು ಕರೆದು ಅದನ್ನೂ ಕಾಲಿಗೆ ಹತ್ತಿಸಿದರು. ಎಲ್ಲ ಸರಿಹೋಯಿತು, ರಿವರ್ಸ್ ಒಂದನ್ನು ಬಿಟ್ಟು.

ಟೈಲರಮ್ಮ ರಿವರ್ಸ್ ಹೋಗಲೊಲ್ಲರು. ಹೊಲಿಗೆ ಮಷೀನಿನ ಚಕ್ರ ಹಿಂದಕ್ಕೆ ತಿರುಗಿದರೆ ನೂಲು ಸಿಕ್ಕಾಗಿ ಪಟ್ಟೆಂದು ಹರಿಯುತ್ತದೆ. ಹಾಗೆ ಆಗಬಾರದೆಂದು ಮೂವತ್ತು ವರ್ಷ ಎಚ್ಚರವಾಗಿದ್ದ ಜೀವ ಅದು. ಗಾಡಿ ಹಿಂದಕ್ಕೆ ಒಂದು ಗೇಣು ಸರಿದರೂ ಮೈಯೆಲ್ಲ ಬಿಗಿದುಕೊಂಡು ಕೂತುಬಿಡುವರು. ಹಾಗಾದರೆ ಹೊಲಿಗೆ ಹಾಕಿಕೊಂಡು ಹೋದ ದಾರಿಯಲ್ಲೇ ವಾಪಸ್ ಬರಬೇಕಾದರೆ ಏನು ಮಾಡುತ್ತೀರಿ ಎಂದು ಮೇಷ್ಟ್ರು ಕೇಳಿದರು. ಬಟ್ಟೆ ತಿರುಗಿಸುತ್ತೇನೆ ಎಂದರು ಟೈಲರಮ್ಮ.

ಪರೀಕ್ಷೆಯಲ್ಲಿ ಮಾಡಿದ್ದೂ ಅದನ್ನೇ. ಪರೀಕ್ಷೆ ಮಾಡುವ ಸಾಹೇಬರು ಮೈದಾನದಲ್ಲಿ ನಿಂತು, ಆ ಕಂಬದ ತನಕ ಗಾಡಿಯನ್ನು ಹಿಂದೆ ತೆಗೆದುಕೊಳ್ಳಿ ಎಂದರು. ಟೈಲರಮ್ಮ ತಲೆಯಾಡಿಸಿ, ಮುಂದಕ್ಕೇ ಹೊರಟು, ಗೇಟು ದಾಟಿ, ಬೀದಿ ಸುತ್ತಿ, ಹಿಂದಿನ ಗೇಟಿನಿಂದ ಒಳಗೆ ಬಂದು, ಕಂಬದ ಪಕ್ಕ ಅಚ್ಚುಕಟ್ಟಾಗಿ ನಿಲ್ಲಿಸಿದರು. ಇಲ್ಲಿಗೇ ತಾನೆ ಬರಬೇಕಾಗಿದ್ದದ್ದು ಎಂದು ಕೇಳಿದರು. ಸಾಹೇಬರು ಬಾಯಿ ಬಿಟ್ಟುಕೊಂಡು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ತಮಗೂ ಆಯಮ್ಮನಿಗೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡಿದರು. ಫೇಲಾಯಿತು. ಮತ್ತೆ ಹೋದರು, ಮತ್ತೆ ಫೇಲಾಯಿತು. ಎಷ್ಟನೆಯ ಸಲವೋ ಏನೋ, ಟೈಲರಮ್ಮ ಬಂದರೆ ಸಾಹೇಬರು ಗೇಟು ಹಾಕಿಸಿಡುವ ಮಟ್ಟಕ್ಕೆ ಹೋಯಿತು.

ಇತ್ತ ಅಂಗಡಿಯ ಕಟ್ಟಡಕ್ಕೆ ಸುತ್ತಿಗೆ ಬಿತ್ತು. ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ. ಒಂದು ಬೆಳಿಗ್ಗೆ ಟೈಲರಮ್ಮನ ಮನೆಗೆ ಹೋಗಿ, ಮುಂದೆ ನಿಂತ ವ್ಯಾನಿನೊಳಗೆ ಮಷೀನಿನ ಪಕ್ಕ ಸ್ಟೂಲು ಹಾಕಿಕೊಂಡು, ಅವರು ಹೊಲಿಯುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ರವಿಕೆಯ ಬಟ್ಟೆಯನ್ನು ಒಳಮೈ ಮೇಲೆ ಮಾಡಿ ಹೊಲಿಯುತ್ತಿದ್ದರು ಟೈಲರಮ್ಮ. ಮೇಷ್ಟ್ರು ಎದ್ದೇ ನಿಂತರು.

"ನೀವು ಹೊಲಿಯೋದು ಒಳಮೈ ಮೇಲೆ. ಆಗ ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ. ಆದರೂ ನಿಮಗೆ ಗಲಿಬಿಲಿ ಇಲ್ಲ. ನೋಡಿ, ಗಾಡಿ ಕನ್ನಡಿ ಅಂದ್ರೆ ರಸ್ತೆಯ ಒಳಮೈ. ನೀವು ಹಿಂದೆ ಹೋಗ್ತಾ ಇಲ್ಲ. ಒಳಮೈ ಮೇಲೆ ಮುಂದಕ್ಕೇ ಹೊಲೀತಾ ಇದ್ದೀರಿ."

ಟೈಲರಮ್ಮ ಕಾಲು ನಿಲ್ಲಿಸಿದರು. ನೂಲು ಹರಿಯುವುದಿಲ್ಲವೆ ಎಂದು ಕೇಳಿದರು. ಹರಿಯುವುದಿಲ್ಲ, ನನ್ನ ಮೇಲಾಣೆ ಎಂದರು ಮೇಷ್ಟ್ರು.

ಆ ವಾರದ ಪರೀಕ್ಷೆಯಲ್ಲಿ ಗಾಡಿ ಕಂಬದ ತನಕ ಹಿಂದಕ್ಕೆ ಹೋಗಿ, ಕೂದಲೆಳೆ ಅಂತರದಲ್ಲಿ ನಿಂತಿತು. ಸಾಹೇಬರು ಪಾಸು ಮಾಡಿ ನಿಟ್ಟುಸಿರುಬಿಟ್ಟರು. ಮೇಷ್ಟ್ರು ಓಡಿಹೋಗಿ, ಒಳಮೈ ನೋಡಿಕೊಂಡಿರಾ ಎಂದು ಕೇಳಿದರು. ಟೈಲರಮ್ಮ ಸೀಟಿನಲ್ಲಿ ಬೆವೆತು ಕೂತಿದ್ದರು.

"ಎಲ್ಲಿ ನೋಡೋದು ಮೇಷ್ಟ್ರೇ, ಭಯಕ್ಕೆ ಕಣ್ಣು ಮುಚ್ಚಿಬಿಟ್ಟಿದ್ದೆ. ಗಾಡಿ ತಾನೇ ಹೋಯ್ತು."

ಮೇಷ್ಟ್ರು ಮೈದಾನದಲ್ಲೇ ಕುಕ್ಕರಿಸಿ ಕೂತರು. ಸಾಹೇಬರು ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು.

ಲೈಸೆನ್ಸ್ ಸಿಕ್ಕಿದ ಮೇಲೆ ಮೇಷ್ಟ್ರು ಕೈ ತೊಳೆದುಕೊಂಡರು ಅಂತೀರಾ? ಎಲ್ಲಿಯ ಮಾತು. ಟೈಲರಮ್ಮನ ವ್ಯಾನು ಊರೆಲ್ಲ ಓಡಾಡಿತು. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವ ಬೀದಿಗಳಲ್ಲಿ ಎಲ್ಲವೂ ಸಲೀಸು. ಹೊರದಾರಿ ಇಲ್ಲದ ಗಲ್ಲಿಯ ಗಿರಾಕಿಗಳು ಬಟ್ಟೆ ಹಿಡಿದುಕೊಂಡು ಬೀದಿಗೇ ಬರಬೇಕು. ಆದರೂ ಆಗೊಮ್ಮೆ ಈಗೊಮ್ಮೆ ಹಾದಿ ತಪ್ಪಿ ಯಾವುದೋ ಗಲ್ಲಿಯೊಳಗೆ ಸಿಕ್ಕಿಕೊಳ್ಳುವರು. ಆಗ ಮೇಷ್ಟ್ರಿಗೆ ಫೋನು ಬರುವುದು. ಮೇಷ್ಟ್ರೇ, ಸಿಕ್ಕಿಹಾಕ್ಕೊಂಡೆ ಎಂಬ ಎರಡೇ ಮಾತು. ಮೇಷ್ಟ್ರು ಊಟದ ತಟ್ಟೆ ಬಿಟ್ಟು, ಒಮ್ಮೆಯಂತೂ ಅರ್ಧ ಮುಖಕ್ಕೆ ಕ್ಷೌರದ ನೊರೆ ಇಟ್ಟುಕೊಂಡೇ, ಸ್ಕೂಟರ್ ಹತ್ತಿ ಹೋಗುವರು. ಟೈಲರಮ್ಮ ಗಾಡಿಯೊಳಗೆ ನಿಶ್ಚಿಂತೆಯಾಗಿ ಗುಂಡಿಯ ತೂತಿಗೆ ಕಾಜಾ ಹಾಕುತ್ತ ಕೂತಿರುವರು. ಮೇಷ್ಟ್ರು ಬೈಯುತ್ತ ವ್ಯಾನನ್ನು ರಿವರ್ಸ್ ತೆಗೆದು ಬೀದಿಗೆ ತಂದುಬಿಟ್ಟು ಬರುವರು. ಇದು ವರ್ಷಗಟ್ಟಲೆ ನಡೆಯಿತು. ಮೇಷ್ಟ್ರ ಅಂಗಿಗಳೆಲ್ಲ ಆ ವರ್ಷಗಳಲ್ಲಿ ಟೈಲರಮ್ಮನೇ ಹೊಲಿದದ್ದು, ಎರಡು ತೋಳೂ ಒಂದೇ ಅಳತೆ.

ಈಗ ಅಂಥ ಟೈಲರಮ್ಮನ ಗಾಡಿಯಲ್ಲಿ ಗುಡ್ಡ ಹತ್ತುವುದೆಂದರೆ! ಮೇಷ್ಟ್ರು ಒಲ್ಲೆ ಎಂದು ಪಟ್ಟು ಹಿಡಿದರು. ಹೆಂಡತಿ ಮಾತು ಬೆಳೆಸಲಿಲ್ಲ. ಮಗಳು ಕಳಿಸಿದ ಹೊಸ ಫೋಟೋ ಒಂದನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ಮಗು ಹುಬ್ಬು ಗಂಟಿಕ್ಕಿಕೊಂಡು, ಯಾರನ್ನೋ ನಾಳೆಯಿಂದ ಬರಬೇಡಿ ಎಂದು ಬೈಯುವ ಹಾಗೆ ನೋಡುತ್ತಿತ್ತು. ಮೇಷ್ಟ್ರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು, ಮೆಲ್ಲಗೆ ಓಡಿಸಬೇಕು ಅಂತ ಹೇಳು ಎಂದರು.

ಮರುದಿನ ಬೆಳಿಗ್ಗೆ ವ್ಯಾನು ಬಂದು ನಿಂತಿತು. ಹೆಂಡತಿ ಹಿಂದೆ, ಹೊಲಿಗೆ ಮಷೀನಿನ ಪಕ್ಕದ ಬೆಂಚಿನ ಮೇಲೆ ಕೂತರು. ಮೇಷ್ಟ್ರು ಜೀವ ಕೈಯಲ್ಲಿ ಹಿಡಿದುಕೊಂಡು ಮುಂದಿನ ಬಾಗಿಲು ತೆರೆದರು. ತಮ್ಮ ಕಾಲಿಡುವ ಜಾಗದಲ್ಲಿ ಏನೋ ಕಂಡು ಅಲ್ಲೇ ನಿಂತರು. ಅಂಗೈಯಗಲದ ಒಂದು ಮೆತ್ತೆ. ಕೋಟಿನ ದಪ್ಪ ಬಟ್ಟೆ, ಒಳಗೆ ಚೂರುಬಟ್ಟೆಗಳನ್ನು ಕಲ್ಲಿನ ಹಾಗೆ ತುಂಬಿತ್ತು. ಸುತ್ತ ಎರಡೆರಡು ಹೊಲಿಗೆ, ಅಂಚಿಗೆ ಕೆಂಪು ಪಟ್ಟಿ. ಲಾಡಿಯಿಂದ ಕೆಳಗಿನ ಮ್ಯಾಟಿಗೆ ಕಟ್ಟಿತ್ತು.

"ಇದೇನಿದು?" ಎಂದರು ಮೇಷ್ಟ್ರು.

"ನಿಮ್ಮ ಬ್ರೇಕು," ಎಂದರು ಟೈಲರಮ್ಮ. "ಅಳತೆ ಅಂದಾಜಿನ ಮೇಲೆ ತಗೊಂಡಿದ್ದೀನಿ. ಕಾಲಿಟ್ಟು ನೋಡಿ."

ಹಿಂದಿನಿಂದ ಹೆಂಡತಿ ಕಿಸಕ್ಕೆಂದರು. ನನ್ನನ್ನೇನು ಮಗು ಅಂದುಕೊಂಡಿದ್ದಾರಾ ಎಂದು ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಬಟ್ಟೆಯ ಬ್ರೇಕಂತೆ, ನಾಳೆ ಬಟ್ಟೆಯ ಸ್ಟಿಯರಿಂಗೂ ಹೊಲಿದುಕೊಡಿ ಎಂದು ಗೊಣಗುತ್ತ ಕೂತರು. ಆದರೆ ಗಾಡಿ ಹೊರಟ ತಕ್ಷಣ ಬಲಗಾಲು ಯಜಮಾನರ ಅಪ್ಪಣೆ ಕೇಳದೆ ತಾನಾಗಿಯೇ ಹೋಗಿ ಮೆತ್ತೆಯ ಮೇಲೆ ಕೂತಿತು. ಅಳತೆ ಸರಿಯಾಗಿತ್ತು.

ಊರಂಚಿನಲ್ಲಿ ಒಂದು ಲಾರಿ ಅಡ್ಡರಸ್ತೆಯಿಂದ ಮೂತಿ ಹೊರಹಾಕಿತು. ಮೇಷ್ಟ್ರು ಒತ್ತಿದರು. ವ್ಯಾನು ನಿಧಾನವಾಯಿತು. ಆಮೇಲೆ ಒಂದು ನಾಯಿ ಅಡ್ಡ ಬಂತು. ಒತ್ತಿದರು, ನಿಂತಿತು. ಗುಡ್ಡದ ಮೊದಲ ತಿರುವು ಬಂತು. ಒತ್ತಿದರು, ಬೇಕಾದಷ್ಟೇ ವೇಗ ಇಳಿಯಿತು. ಟೈಲರಮ್ಮ ಪರವಾಗಿಲ್ಲ, ಸರಿಯಾದ ಹೊತ್ತಿಗೆ ಕತ್ತರಿ ಹಾಕುತ್ತಿದ್ದಾರೆ ಎಂದು ಮೇಷ್ಟ್ರು ಅಂದುಕೊಂಡರು. ಆದರೆ ಎಷ್ಟು ಸರಿಯಾದ ಹೊತ್ತಿಗೆ ಎಂದರೆ, ತಮ್ಮ ಕಾಲಿಗೂ ಗಾಡಿಗೂ ಕ್ಷಣವೂ ವ್ಯತ್ಯಾಸವಿರಲಿಲ್ಲ. ಮೇಷ್ಟ್ರಿಗೆ ಅನುಮಾನ ಬಂತು. ಬಗ್ಗಿ ಮೆತ್ತೆಯನ್ನು ಎತ್ತಿ ನೋಡಿದರು. ತಂತಿ ಇಲ್ಲ, ಸರಳಿಲ್ಲ, ಬರೀ ಲಾಡಿ.

ಗುಡ್ಡದ ನಡುವೆ ಒಂದು ನೇರ ರಸ್ತೆ ಬಂತು. ಹಿಂದೆ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಮೇಷ್ಟ್ರು ಮುಖವನ್ನು ಮಾತ್ರ ಏನೂ ಅರಿಯದವರ ಹಾಗೆ ಇಟ್ಟುಕೊಂಡು ಮೆಲ್ಲಗೆ ಒತ್ತಿದರು. ವ್ಯಾನು ಮೆಲ್ಲಗಾಯಿತು. ಬಿಟ್ಟರು, ಓಡಿತು. ಪಟಪಟನೆ ಎರಡು ಸಲ ಒತ್ತಿದರು. ವ್ಯಾನು ಎರಡು ಸಲ ಮುಗ್ಗರಿಸಿತು. ಹಿಂದೆ ಹೆಂಡತಿಯ ತಲೆ ಹೊಲಿಗೆ ಮಷೀನಿಗೆ ತಾಗಿ, ಏನ್ರೀ ನಿಮ್ಮಿಬ್ಬರ ಆಟ ಎಂದು ಅವರು ಗದರಿದರು.

"ಏನಾಯ್ತು ಮೇಷ್ಟ್ರೇ?" ಎಂದು ಟೈಲರಮ್ಮ ರಸ್ತೆಯ ಮೇಲಿನ ಕಣ್ಣು ಕೀಳದೆ ಕೇಳಿದರು.

"ಏನಿಲ್ಲ. ಬ್ರೇಕ್ ಹಿಡಿಯುತ್ತಾ ಅಂತ ನೋಡಿದೆ."

"ಹಿಡಿಯುತ್ತಾ?"

"ಹಿಡಿಯುತ್ತೆ," ಎಂದರು ಮೇಷ್ಟ್ರು.

ಆಗ ಅವರಿಗೆ ಎಲ್ಲ ತಿಳಿಯಿತು. ಊರು ಬಿಟ್ಟಾಗಿನಿಂದ ಆಯಮ್ಮ ಒಂದು ಕಣ್ಣನ್ನು ರಸ್ತೆಗೂ ಒಂದು ಕಣ್ಣನ್ನು ತಮ್ಮ ಮೊಣಕಾಲಿಗೂ ಇಟ್ಟುಕೊಂಡು ಓಡಿಸುತ್ತಿದ್ದಾರೆ. ಅಷ್ಟು ದೂರದಲ್ಲಿ ಒಂದಾದರೂ ಅಂಗಿಯ ಕಡೆ ನೋಡಲಿಲ್ಲ, ಒಬ್ಬರ ಬೆನ್ನಿನ ಸುದ್ದಿಯನ್ನೂ ಎತ್ತಲಿಲ್ಲ. ಬದುಕಿಡೀ ಮೇಷ್ಟ್ರು ಕಂಡಕಂಡವರ ಕಾಲನ್ನು ಕಾದುಕೊಂಡು ಕೂತಿದ್ದರು. ತಮ್ಮ ಕಾಲನ್ನು ಯಾರಾದರೂ ಕಾಯಬಹುದೆಂದು ಅವರ ಮನಸ್ಸಿಗೆ ಒಂದು ದಿನವೂ ಬಂದಿರಲಿಲ್ಲ. ಕಿಟಕಿಯ ಕಡೆ ತಿರುಗಿ, ಹಿಂದಕ್ಕೆ ಓಡುವ ಮರಗಳನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಬಲಗಾಲನ್ನು ಮೆತ್ತೆಯಿಂದ ಎತ್ತಿ, ಮಡಚಿ, ಸೀಟಿನ ಮೇಲೆ ಇಟ್ಟುಕೊಂಡರು. ತಲೆ ಕಿಟಕಿಗೆ ಆನಿತು. ಬಾಯಿ ತೆರೆಯಿತು. ಓಡುವ ಗಾಡಿಯಲ್ಲಿ ಎಂದೂ ರೆಪ್ಪೆ ಮುಚ್ಚದಿದ್ದ ಮನುಷ್ಯ ಗೊರಕೆ ಹೊಡೆಯತೊಡಗಿದರು.

ಇಲ್ಲಿಯವರೆಗೆ ಮೇಷ್ಟ್ರ ಪಕ್ಕದಲ್ಲೇ ಕೂತು ಬಂದ ಕಥೆ ಇನ್ನೊಂದು ಸ್ವಲ್ಪ ದೂರ ಅವರಿಲ್ಲದೆ ಹೋಗಬೇಕು. ಮುಂದಿನದನ್ನು ಕಣ್ಣಾರೆ ಕಂಡವರು ಅವರ ಹೆಂಡತಿ.

ಮಗಳ ಮನೆ ಇದ್ದದ್ದು ಒಂದು ಇಕ್ಕಟ್ಟಾದ ಗಲ್ಲಿಯ ತುದಿಯಲ್ಲಿ. ಎರಡು ಕಡೆ ಗೋಡೆ, ತುದಿಯಲ್ಲಿ ಬಂಡೆ, ಗಾಡಿ ತಿರುಗಿಸಲು ಜಾಗವಿಲ್ಲ, ಹೊರಗಿನ ಬೀದಿಯಲ್ಲಿ ಗಾಡಿ ಬಿಡುವ ಹಾಗೂ ಇಲ್ಲ. ಮೂತಿ ಮೊದಲಾಗಿ ಹೊಕ್ಕರೆ ಇಳಿಜಾರಿನಲ್ಲಿ ಉದ್ದಕ್ಕೂ ಹಿಂದಕ್ಕೇ ಹೊರಬರಬೇಕು. ಹಿಂದಕ್ಕೆ ಹೊಕ್ಕರೆ ಮಾತ್ರ ಹೊರಬರುವುದು ಸಲೀಸು. ಗಲ್ಲಿಯ ಬಾಯಲ್ಲಿ ಟೈಲರಮ್ಮ ವ್ಯಾನು ನಿಲ್ಲಿಸಿದರು. ಅವರ ಕೈ ರೂಢಿಯಂತೆ ಮೇಷ್ಟ್ರ ಭುಜದ ಕಡೆ ಹೋಯಿತು. ಸಿಕ್ಕಿಹಾಕ್ಕೊಂಡೆ ಎನ್ನಲು ಬಾಯಿ ತೆರೆದದ್ದನ್ನೂ ಹಿಂದೆ ಕೂತಿದ್ದ ಹೆಂಡತಿ ನೋಡಿದರು. ಎಬ್ಬಿಸಲಾ ಎಂದು ಅವರೂ ಕೇಳಿದರು. ಟೈಲರಮ್ಮ ಮೇಷ್ಟ್ರ ಮುಖವನ್ನೊಮ್ಮೆ, ಸೀಟಿನ ಮೇಲೆ ಮಡಚಿಟ್ಟ ಆ ಕಾಲನ್ನೊಮ್ಮೆ ನೋಡಿದರು. ಎಬ್ಬಿಸಿದರೆ ತಾನೇ ಏನು, ಆ ಕಣ್ಣಿಗೆ ಗೋಡೆ ಕಾಣಬೇಕಲ್ಲ. ಕೈ ಹಿಂದಕ್ಕೆ ಬಂತು.

ಆಮೇಲೆ ಅವರು ಕನ್ನಡಿಯನ್ನು ಸರಿಮಾಡಿಕೊಂಡರು. ಕಣ್ಣನ್ನು ಅಗಲವಾಗಿ ಬಿಟ್ಟುಕೊಂಡರು. ಒಳಮೈ, ಒಳಮೈ ಎಂದು ಬಾಯೊಳಗೇ ಹೇಳಿಕೊಳ್ಳುತ್ತ ಗಾಡಿಯನ್ನು ಹಿಂದಕ್ಕೆ ಬಿಟ್ಟರು. ಗೋಡೆಗಳು ಎರಡು ಕಡೆಯಿಂದಲೂ ಸವರಿಕೊಂಡು ಹೋದವು. ಹೆಂಡತಿ ಹೊಲಿಗೆ ಮಷೀನನ್ನು ತಬ್ಬಿಕೊಂಡರು. ವ್ಯಾನು ಒಂದು ಸಲವೂ ಮುಗ್ಗರಿಸದೆ ಗಲ್ಲಿಯ ಉದ್ದಕ್ಕೂ ಹೋಗಿ, ಮಗಳ ಮನೆಯ ಮೆಟ್ಟಿಲಿನ ಮುಂದೆ ನಿಂತಿತು. ಮಗಳು ಮಗುವನ್ನೆತ್ತಿಕೊಂಡು ಓಡಿಬಂದಳು. ಅಪ್ಪ ಬೇರೆಯವರ ಗಾಡಿಯಲ್ಲಿ ನಿದ್ದೆ ಮಾಡುತ್ತಿರುವುದನ್ನು ಕಂಡು, ಅಮ್ಮಾ, ಅಪ್ಪನಿಗೆ ಹುಷಾರಿಲ್ಲವಾ ಎಂದು ಗಾಬರಿಯಾದಳು. ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟರು. ಆದರೆ ಮಗುವಿಗೆ ಆ ಸನ್ನೆ ತಿಳಿಯಬೇಕಲ್ಲ. ಅದು ತಾತನದೇ ಸಿಟ್ಟಿನಲ್ಲಿ ಕಿರುಚಿತು.

ಮೇಷ್ಟ್ರು ಬೆಚ್ಚಿಬಿದ್ದು ಕಣ್ಣು ಬಿಟ್ಟರು. ಕಾಲು ಧಡಕ್ಕನೆ ಮೆತ್ತೆಯ ಮೇಲೆ ಬಿತ್ತು. ಇಷ್ಟು ದಿನ ಯಾರಿಗಾಗಿ ಹಂಬಲಿಸಿದ್ದರೋ ಆ ಮಗು ಪಕ್ಕದಲ್ಲೇ ಇತ್ತು. ಆದರೆ ಹೇಳಿದೆನಲ್ಲ, ಪಕ್ಕದಲ್ಲಿದ್ದದ್ದು ಅವರಿಗೆ ಕಾಣುವುದಿಲ್ಲ. ನೇರ ನೋಡಿದರು. ಎದುರಿಗೆ ಉದ್ದಕ್ಕೂ ಗಲ್ಲಿ, ಗಲ್ಲಿಯ ಆ ತುದಿಯಲ್ಲಿ ಬೀದಿ. ಹಿಂದೆ ಇರಬೇಕಾದದ್ದು ಮುಂದೆ ಇದೆ. ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದು, ಗೋಡೆ ತಡವುತ್ತ ಗಾಡಿಯ ಹಿಂದಿನವರೆಗೆ ಹೋಗಿ, ಗೋಡೆಗೂ ಗಾಡಿಗೂ ನಡುವೆ ಬೆರಳಿಟ್ಟು ಅಳೆದು ಬಂದರು.

"ಯಾರು ತಂದಿದ್ದು?"

ಟೈಲರಮ್ಮ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡರು.

"ಎಡಗಡೆ ಒಂದು ಬೆರಳು ಹತ್ತಿರ ಆಯ್ತು," ಎಂದರು ಮೇಷ್ಟ್ರು. ಆದರೆ ಬೈಗುಳ ಬೈಗುಳದ ಹಾಗೆ ಕೇಳಲಿಲ್ಲ. "ಇಷ್ಟು ವರ್ಷ ಬಾರದ್ದು ಇವತ್ತು ಹೇಗೆ ಬಂತು? ಇನ್ನೊಂದು ಸಲ ಮಾಡಿ ತೋರಿಸಿ. ನಾನು ನೋಡಬೇಕು."

"ಆಗಲ್ಲ ಮೇಷ್ಟ್ರೇ. ನೀವು ಎಚ್ಚರ ಇದ್ದರೆ ಬರಲ್ಲ ನನಗೆ," ಎಂದರು ಟೈಲರಮ್ಮ. "ನೀವಿದ್ದೀರಲ್ಲ ಅನ್ನಿಸಿಬಿಡುತ್ತೆ."

ಅಷ್ಟರಲ್ಲಿ ಮಗಳು ಮಗುವನ್ನು ಮೇಷ್ಟ್ರ ತೋಳಿಗೆ ಕೊಟ್ಟಳು. ಮಗು ಅಳು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ನೇರ ಅವರ ಮುಖವನ್ನೇ ನೋಡಿತು. ನೇರ ನೋಡಿದ್ದು ಮೇಷ್ಟ್ರಿಗೆ ಚೆನ್ನಾಗಿ ಕಾಣುತ್ತಿತ್ತು. ಮೂಗು ಅವರದೇ. ಮೇಷ್ಟ್ರು ಎಲ್ಲರೆದುರಿಗೆ, ಗಲ್ಲಿಯ ನಡುವೆ ನಿಂತುಕೊಂಡು, ಕಣ್ಣೀರು ಸುರಿಸಿದರು. ಮಗುವಿಗಾಗಿ ಎಂದು ಮಗಳು ತಿಳಿದಳು. ಹೆಂಡತಿ ಮಾತ್ರ ಟೈಲರಮ್ಮನ ಕಡೆ ನೋಡಿ ನಕ್ಕರು.

ಸಂಜೆ ಹಿಂದಿರುಗಿದಾಗ ಅವರ ಮನೆಯ ಬೀದಿಯಲ್ಲಿ ಯಾರದೋ ಮರಳಿನ ಲಾರಿ ಅಡ್ಡ ನಿಂತಿತ್ತು. ಮುಂದೆ ಹೋಗುವ ಹಾಗಿಲ್ಲ, ಹಿಂದಕ್ಕೇ ಹೋಗಬೇಕು. ಟೈಲರಮ್ಮ ಗಾಡಿ ನಿಲ್ಲಿಸಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬಗ್ಗಿ ಬಟ್ಟೆಯ ಬ್ರೇಕನ್ನು ಲಾಡಿ ಬಿಚ್ಚಿ ಎತ್ತಿಕೊಂಡರು. ಅದನ್ನು ತೊಡೆಯ ಮೇಲಿಟ್ಟು, ಎರಡೂ ಕಾಲು ಮಡಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿದರು.

"ನಾನು ಮಲಗಿದ್ದೀನಿ," ಎಂದರು. "ಹೋಗಿ."